ತೊಂಬತ್ತರ ಹಿಂದಿ ಸಿನಿಮಾ ಅಷ್ಟು ಬೇಗ ಯಾಕೆ ಬದಲಾಯಿತು?

ಪ್ರಶ್ನೆ: ಸರ್, ನನಗೆ 26 ವರ್ಷ. ನಮ್ಮಮ್ಮ ತೊಂಬತ್ತರ ದಶಕದ ಹಿಂದಿ ಹಾಡು ಹಾಕಿಕೊಂಡೇ ಅಡುಗೆ ಮಾಡುವುದು. ಆ ಹಾಡುಗಳ ಸಿನಿಮಾ ಹೇಗಿರಬಹುದು ಅಂತ ಎರಡು ತಿಂಗಳಿಂದ ಒಂದೊಂದಾಗಿ ನೋಡುತ್ತಿದ್ದೇನೆ. 1990ರಲ್ಲಿ ಸೇಡು, ಹೊಡೆದಾಟ. 1994ಕ್ಕೆ ಬಂದರೆ ವಿಲನ್ನೇ ಇಲ್ಲ, ಮೂರು ಗಂಟೆಗೂ ಮೇಲೆ ಬರೀ ಮದುವೆ. 1998ರ ಹೊತ್ತಿಗೆ ಎಲ್ಲರೂ ಬ್ರ್ಯಾಂಡ್ ಬಟ್ಟೆ ಹಾಕಿದ ಶ್ರೀಮಂತರು, ಬಡವ ಕಾಣುವುದೇ ಇಲ್ಲ. ಎಂಟೇ ವರ್ಷದಲ್ಲಿ ಜನರ ರುಚಿ ಇಷ್ಟು ಬದಲಾಗುತ್ತದಾ? ಇನ್ನೊಂದು, ಆ ದಶಕದ ದೊಡ್ಡ ಹಿಟ್ ಯಾವುದು ಅಂತ ಹುಡುಕಿದರೆ ಒಂದೊಂದು ಪಟ್ಟಿಯಲ್ಲಿ ಒಂದೊಂದು ಲೆಕ್ಕ. ಯಾವುದನ್ನು ನಂಬಲಿ? ಮುಂದೆ ಯಾವುದು ನೋಡಲಿ?

ಉತ್ತರ: ನಿಮ್ಮ ಅಮ್ಮನ ಅಡುಗೆಮನೆಯಿಂದಲೇ ಶುರು ಮಾಡೋಣ. ಅವರು ಹಾಡು ಹಾಕುತ್ತಾರೆ, ಆ ಸಿನಿಮಾಗಳನ್ನು ಮಾತ್ರ ನೀವು ಈಗ ಹುಡುಕಿಕೊಂಡು ನೋಡಬೇಕಾಗಿದೆ, ಅಲ್ವಾ? ಉತ್ತರದ ಅರ್ಧ ಅಲ್ಲೇ ಇದೆ.

ನಾನು ಎಲ್ಲಿ ಕೂತು ನೋಡಿದವನು ಅಂತ ಮೊದಲೇ ಹೇಳಿಬಿಡುತ್ತೇನೆ. ಆ ಹತ್ತು ವರ್ಷ ಗಾಂಧಿನಗರದ ಒಂದು ವಿತರಣೆ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಕನ್ನಡ ಸಿನಿಮಾ ಜಾಸ್ತಿ, ನಡುನಡುವೆ ಹಿಂದಿ. ಸಿನಿಮಾವನ್ನು ಪರದೆಯ ಮೇಲೆ ನೋಡಿದ್ದಕ್ಕಿಂತ ಡಿಸಿಆರ್ ಹಾಳೆಯ ಮೇಲೆ ನೋಡಿದ್ದೇ ಹೆಚ್ಚು. ಡಿಸಿಆರ್ ಅಂದರೆ ಥಿಯೇಟರಿನವರು ದಿನಾ ಬರೆದು ಕಳಿಸುವ ಕಲೆಕ್ಷನ್ ಲೆಕ್ಕ. ಯಾವ ಆಟಕ್ಕೆ, ಯಾವ ಕ್ಲಾಸಿನಲ್ಲಿ, ಎಷ್ಟು ಟಿಕೆಟ್ ಹೋಯಿತು, ತೆರಿಗೆ ಕಳೆದು ಎಷ್ಟು ಉಳಿಯಿತು, ಎಲ್ಲಾ ಅದರಲ್ಲಿ ಇರುತ್ತದೆ. ಹಾಗಾಗಿ ನನ್ನ ಉತ್ತರದಲ್ಲಿ ಕಲೆಗಿಂತ ಕಾಸಿನ ಮಾತೇ ಜಾಸ್ತಿ. ಬೇಜಾರು ಮಾಡಿಕೊಳ್ಳಬೇಡಿ.

ಜನರ ರುಚಿ ಎಂಟು ವರ್ಷದಲ್ಲಿ ತಲೆಕೆಳಗಾಗಲಿಲ್ಲ. ಬೇಕಿದ್ದರೆ 1995 ಒಂದೇ ವರ್ಷ ತೆಗೆದುಕೊಳ್ಳಿ. ಜನವರಿಯಲ್ಲಿ 'ಕರಣ್ ಅರ್ಜುನ್' ಬಂತು: ಪುನರ್ಜನ್ಮ, ಕಾಳಿಯ ಗುಡಿ, ತಾಯಿಯ ಕಣ್ಣೀರು, ಸೇಡು. ಅಕ್ಟೋಬರಿನಲ್ಲಿ 'ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೇ' ಬಂತು: ಲಂಡನ್, ಸ್ವಿಟ್ಜರ್ಲೆಂಡ್, ಸಾಸಿವೆ ಹೊಲ. ಎರಡರಲ್ಲೂ ಶಾರುಖ್, ಎರಡರಲ್ಲೂ ಕಾಜೋಲ್, ಎರಡೂ ಸೂಪರ್ ಹಿಟ್. ಅದೇ ದೇಶ, ಅದೇ ವರ್ಷ. ರುಚಿ ಬದಲಾಗಿದ್ದರೆ ಒಂದಾದರೂ ಬಿದ್ದು ಹೋಗಬೇಕಿತ್ತು.

ಬದಲಾದದ್ದು ದುಡ್ಡು ಬರುವ ದಾರಿ. ಮೊದಲು ಕ್ಯಾಸೆಟ್, ಆಮೇಲೆ ಬಾಲ್ಕನಿ, ಆಮೇಲೆ ಡಾಲರ್, ಕೊನೆಗೆ ಮಾಲ್. ದುಡ್ಡು ಯಾವ ಕಡೆಯಿಂದ ಬರುತ್ತದೋ ಸಿನಿಮಾ ಆ ಕಡೆಗೆ ಮುಖ ತಿರುಗಿಸಿತು.

ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಹೊತ್ತಿಗೆ ಕಲರ್ ಟಿವಿ ಬಂತು, ಅದರ ಹಿಂದೆಯೇ ವಿಸಿಆರ್. ಬೀದಿಗೊಂದು ವಿಡಿಯೋ ಲೈಬ್ರರಿ. ರಾತ್ರಿ ಬಸ್ಸಿನಲ್ಲೂ 'ವಿಡಿಯೋ ಕೋಚ್' ಅಂತ ಬೋರ್ಡು. ಹೊಸ ಸಿನಿಮಾದ ಕಳ್ಳ ಕ್ಯಾಸೆಟ್ ಬಾಡಿಗೆಗೆ ಸಿಗುವಾಗ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹರಿದ ಸೀಟು, ತಿರುಗದ ಫ್ಯಾನು, ವಾಸನೆ ಹೊಡೆಯುವ ಟಾಯ್ಲೆಟ್ ಇರುವ ಥಿಯೇಟರಿಗೆ ಯಾರು ಹೋಗುತ್ತಾರೆ? ಹೋಗಲಿಲ್ಲ. ಥಿಯೇಟರಿನಲ್ಲಿ ಉಳಿದವರು ಗಾಂಧಿ ಕ್ಲಾಸಿನ, ಅಂದರೆ ಪರದೆಗೆ ಹತ್ತಿರದ ಅಗ್ಗದ ಸೀಟಿನ ಹುಡುಗರು. ಅವರಿಗೆ ಬೇಕಾದ್ದು ಫೈಟು. ಹಾಗಾಗಿ ಎಂಬತ್ತರ ದಶಕದ ಕೊನೆಯ ಹಿಂದಿ ಸಿನಿಮಾದಲ್ಲಿ ಅಷ್ಟೊಂದು ರಕ್ತ ಕಾಣುವುದು. ಆಗ ಇಡೀ ದೇಶ ಸೇಡಿನ ಕತೆಯನ್ನೇ ಬಯಸುತ್ತಿತ್ತು ಅಂತ ತಿಳಿಯಬೇಡಿ. ಬೇರೆಯವರೆಲ್ಲ ಮನೆಯಲ್ಲಿ ಕೂತಿದ್ದರು.

ಈಗ ಕ್ಯಾಸೆಟ್ಟಿಗೆ ಬರೋಣ. ಟಿ-ಸೀರೀಸ್ ಅನ್ನುವ ಕ್ಯಾಸೆಟ್ ಕಂಪನಿ ಕಟ್ಟಿದ ಗುಲ್ಶನ್ ಕುಮಾರ್ ದೆಹಲಿಯ ದರಿಯಾಗಂಜ್‌ನಲ್ಲಿ ತಂದೆಯ ಹಣ್ಣಿನ ರಸದ ಅಂಗಡಿಯಲ್ಲಿ ಕೆಲಸ ಮಾಡಿಕೊಂಡಿದ್ದವರು. ಆಗ ಎಚ್‌ಎಂವಿ ಕ್ಯಾಸೆಟ್ ದುಬಾರಿ, ಸಿಗುತ್ತಿದ್ದುದೂ ಮ್ಯೂಸಿಕ್ ಅಂಗಡಿಯಲ್ಲಿ ಮಾತ್ರ. ಇವರು ಬೆಲೆ ಇಳಿಸಿ ಕಿರಾಣಿ ಅಂಗಡಿಗೆ, ಪಾನ್ ಅಂಗಡಿಗೆ ಕ್ಯಾಸೆಟ್ ತಂದು ನೇತು ಹಾಕಿಬಿಟ್ಟರು. ಹಳೆಯ ಹಾಡುಗಳನ್ನು ಹೊಸ ಗಾಯಕರ ಕೈಲಿ ಹಾಡಿಸಿ ಮಾರಿದರು. ಕಾನೂನಿನಲ್ಲಿ ಅದಕ್ಕೆ ಸಂದು ಇತ್ತು. ಅದು ಸರಿಯಾ ತಪ್ಪಾ ಅನ್ನುವ ಜಗಳ ಬೇರೆ.

1990ರ 'ಆಶಿಕಿ' ಈ ವ್ಯಾಪಾರದಿಂದ ಹುಟ್ಟಿದ ಸಿನಿಮಾ. ನದೀಮ್-ಶ್ರವಣ್ ಹಾಡುಗಳು ಮೊದಲು ತಯಾರಾದವು, ಸಿನಿಮಾ ಆಮೇಲೆ. ಹೀರೋ ಹೀರೋಯಿನ್ ಇಬ್ಬರೂ ಹೊಸಬರು. ಪೋಸ್ಟರಿನಲ್ಲಿ ಒಂದೇ ಕೋಟಿನ ಕೆಳಗೆ ಮುಖ ಮುಚ್ಚಿಕೊಂಡು ನಿಂತಿದ್ದಾರೆ, ನೋಡಿರುತ್ತೀರಿ. ಮುಖ ಕಾಣದ ಪೋಸ್ಟರ್ ಇಟ್ಟು ಸಿನಿಮಾ ಮಾರುವ ಧೈರ್ಯ ಬಂದದ್ದು ಹಾಡು ಆಗಲೇ ಮನೆಮನೆಗೆ ಹೋಗಿದ್ದರಿಂದ. ಆ ಸಿನಿಮಾದಿಂದ ಶುರುವಾಗಿ ಕುಮಾರ್ ಸಾನು ಸತತ 5 ವರ್ಷ ಫಿಲ್ಮ್‌ಫೇರ್ ತೆಗೆದುಕೊಂಡರು. ಮೂಗಿನಲ್ಲಿ ಹಾಡುತ್ತಾರೆ ಅಂತ ನಾವು ಆಫೀಸಿನಲ್ಲಿ ಗೇಲಿ ಮಾಡುತ್ತಿದ್ದೆವು. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಟೇಪ್ ರೆಕಾರ್ಡರಿನಲ್ಲಿ ಅವರದೇ ದನಿ.

ಲೆಕ್ಕ ಹೇಗಿತ್ತು ಅಂದರೆ, ಸಿನಿಮಾ ಶೂಟಿಂಗ್ ಮುಗಿಯುವ ಮೊದಲೇ ಆಡಿಯೋ ಕಂಪನಿ ಮುಂಗಡ ಕೊಡುತ್ತಿತ್ತು. ಆ ದುಡ್ಡಿನಲ್ಲಿ ಅರ್ಧ ಸಿನಿಮಾ ಆಗುತ್ತಿದ್ದ ಕಾಲವೂ ಇತ್ತು. ಕೊಟ್ಟವನು ಸುಮ್ನೆ ಕೊಡುತ್ತಾನಾ? ಕ್ಯಾಸೆಟ್ಟಿನ ಎರಡೂ ಕಡೆ ತುಂಬಬೇಕು, ಅಷ್ಟು ಹಾಡು ಬೇಕೇ ಬೇಕು. ಕತೆಗೆ ಹಾಡು ಬೇಕೋ ಬೇಡವೋ ಅಂತ ಯಾರೂ ಕೇಳುತ್ತಿರಲಿಲ್ಲ. ನಿಮ್ಮ ಅಮ್ಮನಿಗೆ ಹಾಡು ಬಾಯಿಪಾಠ ಆಗಿ ಸಿನಿಮಾ ಹೆಸರು ಮರೆತು ಹೋಗಿದ್ದರೆ ಅದು ಅವರ ತಪ್ಪಲ್ಲ.

ಹಾಡು ಟಿವಿಗೂ ಬೇಕಾಯಿತು. 1992ರ ಅಕ್ಟೋಬರ್ 2ರಂದು ಜೀ ಟಿವಿ ಶುರುವಾಯಿತು. ಕೇಬಲ್ಲಿನವನು ಮನೆಮನೆಗೆ ವೈರು ಎಳೆದ. ಹೊಸ ಸಿನಿಮಾದ ಹಾಡಿನ ತುಣುಕು ದಿನಕ್ಕೆ ಹತ್ತು ಸಲ ಪುಕ್ಕಟೆ ಬರತೊಡಗಿತು. ಆ ಮೊದಲು ಪ್ರಚಾರ ಅಂದರೆ ಗೋಡೆ ಪೋಸ್ಟರು, ಪೇಪರು, ರೇಡಿಯೋ, ದೂರದರ್ಶನದ ಹಾಡಿನ ಕಾರ್ಯಕ್ರಮ ಚಿತ್ರಹಾರ್.

ಇನ್ನು ಬಾಲ್ಕನಿ. ನೀವು ಹೇಳಿದ ವಿಲನ್ ಇಲ್ಲದ ಮದುವೆ ಸಿನಿಮಾ 'ಹಮ್ ಆಪ್‌ಕೆ ಹೈ ಕೌನ್'. ಬಿಡುಗಡೆ 1994ರ ಆಗಸ್ಟ್ 5. 14 ಹಾಡು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ದಶಕ ತಿರುಗಿದ್ದು ಇಲ್ಲೇ.

ಕತೆ ಹೊಸದಲ್ಲ. ಇದನ್ನು ಮಾಡಿದ ರಾಜಶ್ರೀ ಸಂಸ್ಥೆಯೇ 1982ರಲ್ಲಿ 'ನದಿಯಾ ಕೆ ಪಾರ್' ಅಂತ ಹಳ್ಳಿಯ ಸಿನಿಮಾ ಮಾಡಿತ್ತು. ಅದರಲ್ಲಿ ಎತ್ತಿನ ಗಾಡಿ, ಹೊಳೆ, ಮಣ್ಣಿನ ಮನೆ. ಇದರಲ್ಲಿ ಬಂಗಲೆ, ಕಾರು, ಈಜುಕೊಳ, ಚಾಕೊಲೇಟು. ಅಕ್ಕನಿಗೆ ಮದುವೆ, ತಂಗಿಗೂ ಭಾವನ ತಮ್ಮನಿಗೂ ಪ್ರೀತಿ, ಅಕ್ಕ ಮೆಟ್ಟಿಲಿಂದ ಬಿದ್ದು ಸಾಯುತ್ತಾಳೆ, ಮಗುವಿಗೋಸ್ಕರ ತಂಗಿಯನ್ನು ಭಾವನಿಗೇ ಕೊಡುವ ಮಾತಾಗುತ್ತದೆ. ಇಷ್ಟೇ. ಬಿಡುಗಡೆಗೆ ಮುಂಚೆ ನೋಡಿದ ಇಂಡಸ್ಟ್ರಿಯವರು 'ಇದು ಮದುವೆ ವಿಡಿಯೋ' ಅಂತ ನಕ್ಕಿದ್ದರು ಅಂತ ಟ್ರೇಡಿನಲ್ಲಿ ಇವತ್ತಿಗೂ ಹೇಳುತ್ತಾರೆ. ನಕ್ಕವರು ಹೇಳಿದ್ದು ನಿಜವೇ, ಅದು ಮದುವೆ ವಿಡಿಯೋನೇ. ಆದರೆ ಮದುವೆ ವಿಡಿಯೋವನ್ನು ಮನೆಯವರೆಲ್ಲ ಕೂತು ನೋಡುತ್ತಾರೆ ಅನ್ನುವುದನ್ನು ಅವರು ಮರೆತರು.

ರಾಜಶ್ರೀಯವರಿಗೆ ಇದು ಹೊಳೆದದ್ದು ಅವರು ಮೂಲದಲ್ಲಿ ವಿತರಕರು ಅನ್ನುವ ಕಾರಣಕ್ಕೆ. ತಾರಾಚಂದ್ ಬರ್ಜಾತ್ಯ 1947ರಲ್ಲಿ ಸಂಸ್ಥೆ ಶುರು ಮಾಡಿದ್ದು ಸಿನಿಮಾ ಹಂಚುವುದಕ್ಕೆ. ನಿರ್ಮಾಣ ಆಮೇಲೆ ಬಂದದ್ದು. ಮೊಮ್ಮಗ ಸೂರಜ್ ನಿರ್ದೇಶಕ. ಥಿಯೇಟರಿಗೆ ಯಾರು ಬರುತ್ತಿಲ್ಲ, ಯಾಕೆ ಬರುತ್ತಿಲ್ಲ ಅನ್ನುವುದು ಆ ಮನೆಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಎರಡು ಕೆಲಸ ಮಾಡಿದರು. ವಿಡಿಯೋ ಹಕ್ಕು ಮಾರಲಿಲ್ಲ. ಪ್ರಿಂಟುಗಳನ್ನು ಎಲ್ಲ ಕಡೆ ಒಟ್ಟಿಗೆ ಚೆಲ್ಲಲಿಲ್ಲ, ಆಯ್ದ ಥಿಯೇಟರಿಗೆ ಮಾತ್ರ ಕೊಟ್ಟರು, ಮೊದಲು ನಿಮ್ಮ ಹಾಲ್ ಸರಿ ಮಾಡಿಕೊಳ್ಳಿ ಅಂದರು. ಮುಂಬೈಯ ಲಿಬರ್ಟಿ ಥಿಯೇಟರಿನಲ್ಲಿ ಅದು ನೂರು ವಾರ ದಾಟಿ ಓಡಿತು.

ನನಗೆ ನೆನಪಿರುವುದು ಆಗಿನ ಡಿಸಿಆರ್ ಹಾಳೆ. ಮಾಮೂಲಿ ಹಿಂದಿ ಸಿನಿಮಾಕ್ಕೆ ಮುಂದಿನ ಕ್ಲಾಸ್ ಮೊದಲು ತುಂಬುತ್ತದೆ, ಬಾಲ್ಕನಿ ಕಾಲಂನಲ್ಲಿ ಸಣ್ಣ ಸಂಖ್ಯೆ. ಈ ಸಿನಿಮಾಕ್ಕೆ ಅದು ಉಲ್ಟಾ. ಬಾಲ್ಕನಿ ಫುಲ್, ಬಾಲ್ಕನಿ ಫುಲ್, ಬಾಲ್ಕನಿ ಫುಲ್, ದಿನಾ ಅದೇ. ಮುಂದಿನ ಕ್ಲಾಸಿನಲ್ಲಿ ಸೀಟು ಉಳಿದಿದೆ. ಥಿಯೇಟರಿನಲ್ಲಿ ನಮ್ಮ ಕಡೆಯಿಂದ ಟಿಕೆಟ್ ಎಣಿಸಲು ಕೂರುತ್ತಿದ್ದ ರೆಪ್ರೆಸೆಂಟೇಟಿವ್ ಒಬ್ಬರು ಬಂದು, 'ಸ್ವಾಮಿ, ಮ್ಯಾಟ್ನಿಗೆ ಹೆಂಗಸರು ರೇಷ್ಮೆ ಸೀರೆ ಉಟ್ಟುಕೊಂಡು ಬರ್ತಾ ಇದ್ದಾರೆ' ಅಂದರು. ನಾನು ನಂಬದೆ ಒಂದು ಬುಧವಾರ ಹೋಗಿ ನೋಡಿದೆ. ನಿಜ. ಮಲ್ಲಿಗೆ ಮುಡಿದುಕೊಂಡು, ಅಜ್ಜಿಯನ್ನು ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು, ಮದುವೆಗೆ ಹೋದ ಹಾಗೇ ಹೋಗುತ್ತಿದ್ದರು. ಇಂಟರ್ವಲ್ಲಿನಲ್ಲಿ ಕ್ಯಾಂಟೀನಿನವನಿಗೆ ಸಮೋಸ ಸಾಲಲಿಲ್ಲ.

ಒಂದು ಬಾಲ್ಕನಿ ಟಿಕೆಟ್ಟಿನಲ್ಲಿ ಮುಂದಿನ ಕ್ಲಾಸಿನ ಎರಡು ಮೂರು ಟಿಕೆಟ್ ದುಡ್ಡು ಬರುತ್ತದೆ. ಒಬ್ಬ ಹುಡುಗ ಬಂದರೆ ಒಂದು ಟಿಕೆಟ್. ಒಂದು ಮನೆ ಬಂದರೆ ಆರು. ಈ ಗುಣಾಕಾರ ಎಲ್ಲ ನಿರ್ಮಾಪಕರಿಗೂ ಅರ್ಥವಾದ ಮೇಲೆ ಅಜ್ಜಿಯ ಮುಂದೆ ನೋಡಲು ಮುಜುಗರವಾಗುವುದೆಲ್ಲ ಸಿನಿಮಾದಿಂದ ಒಂದೊಂದಾಗಿ ಜಾರಿತು. ಭಾರತದಲ್ಲಿ 100 ಕೋಟಿ ಗ್ರಾಸ್ ದಾಟಿದ ಮೊದಲ ಹಿಂದಿ ಸಿನಿಮಾ ಅಂತ ಟ್ರೇಡಿನವರು ಎಣಿಸುವುದು ಇದನ್ನೇ.

ಸಿನಿಮಾ ನನಗೆ ಇಷ್ಟವಾಯಿತಾ? ಮೊದಲ ಸಲ ಇಲ್ಲ. ಕ್ಲೈಮ್ಯಾಕ್ಸಿನಲ್ಲಿ ನಾಯಿ ಟಫಿ ಬಾಯಲ್ಲಿ ಚೀಟಿ ಕಚ್ಚಿಕೊಂಡು ಪ್ರೇಮಿಗೆ ಕೊಡುವ ಬದಲು ಅಣ್ಣನಿಗೆ ತಲುಪಿಸಿ ಎಲ್ಲವನ್ನೂ ಬಗೆಹರಿಸುತ್ತದಲ್ಲ, ಆಗ ಎದ್ದು ಹೋಗೋಣ ಅನ್ನಿಸಿತ್ತು. ದೊಡ್ಡವರು ಯಾರೂ ಬಾಯಿ ಬಿಟ್ಟು ಹೇಳದ್ದನ್ನು ನಾಯಿ ಹೇಳಬೇಕಾಯಿತು. ಈಚೆಗೆ ಮತ್ತೆ ನೋಡಿದಾಗ ಅದೇ ಸಿನಿಮಾದ ನಿಜವಾದ ವಿಷಯ ಅನ್ನಿಸಿತು. ಮನೆಯವರೆಲ್ಲ ಇಷ್ಟು ಒಳ್ಳೆಯವರಾದರೆ ಯಾರೂ ತಮಗೆ ಬೇಕಾದ್ದನ್ನು ಕೇಳುವ ಹಾಗೇ ಇಲ್ಲ. ಅದೇನೇ ಇರಲಿ, ಹಾಡು ಬಂದಾಗ ಮುಂದಕ್ಕೆ ಓಡಿಸಬೇಡಿ. ಹಾಡೇ ಅಲ್ಲಿ ಕತೆ.

ಹಾಗಾದರೆ ವಿಲನ್ ಎಲ್ಲಿ ಹೋದ? ಎಲ್ಲೂ ಹೋಗಲಿಲ್ಲ, ಹುಡುಗಿಯ ಅಪ್ಪನಾದ. ನಾನು ಮೇಲೆ ಹೇಳಿದ 1995ರ ಎರಡು ಸಿನಿಮಾದಲ್ಲಿ ಶಾರುಖ್, ಕಾಜೋಲ್ ಜೊತೆಗೆ ಇನ್ನೊಬ್ಬರೂ ಇದ್ದಾರೆ, ಗಮನಿಸಿದಿರಾ? ಅಮರೀಶ್ ಪುರಿ. ಜನವರಿಯಲ್ಲಿ ದುರ್ಜನ್ ಸಿಂಗ್, ಅಕ್ಟೋಬರಿನಲ್ಲಿ ಬಲದೇವ್ ಸಿಂಗ್. ಅದೇ ಕಣ್ಣು, ಅದೇ ಗುಡುಗುವ ದನಿ. ಜನವರಿಯಲ್ಲಿ ಆ ದನಿಗೆ ಉತ್ತರ ಕೊಡಲು ಕತ್ತಿ ಬೇಕಿತ್ತು, ಅಕ್ಟೋಬರಿನಲ್ಲಿ ಒಪ್ಪಿಗೆ ಬೇಕಾಯಿತು.

ದಿಲ್‌ವಾಲೇಯಲ್ಲಿ ಒಂದು ದೃಶ್ಯ ಇದೆ, ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಹುಡುಗಿಯ ತಾಯಿ ತನ್ನ ಒಡವೆಯನ್ನೆಲ್ಲ ತಂದು ಹುಡುಗನ ಕೈಗಿಟ್ಟು, ಇವಳನ್ನು ಕರೆದುಕೊಂಡು ಓಡಿಹೋಗು ಅನ್ನುತ್ತಾಳೆ. ಹಳೆಯ ಹಿಂದಿ ಸಿನಿಮಾ ಆಗಿದ್ದರೆ ಮುಂದಿನ ಶಾಟ್‌ನಲ್ಲಿ ಇಬ್ಬರೂ ಬೈಕಿನ ಮೇಲೆ. 1988ರ 'ಕಯಾಮತ್ ಸೇ ಕಯಾಮತ್ ತಕ್'ನಲ್ಲಿ ಓಡಿಹೋಗಿಯೇ ಸಾಯುತ್ತಾರೆ. ಇಲ್ಲಿ ಹುಡುಗ ಒಲ್ಲೆ ಅನ್ನುತ್ತಾನೆ. ಅವಳ ಅಪ್ಪನೇ ಅವಳ ಕೈಯನ್ನು ತನ್ನ ಕೈಗೆ ಕೊಡಬೇಕು ಅನ್ನುತ್ತಾನೆ. ಲಂಡನ್ನಿನಲ್ಲಿ ಕೊಡಲ್ಲ ಅಂದರೂ ಬಿಯರ್ ಎತ್ತಿಕೊಂಡು ಓಡಿದ ಹುಡುಗ ಪಂಜಾಬಿನಲ್ಲಿ ಇಷ್ಟು ಶಿಸ್ತು. ಯಾಕೆ?

ಆ ಸಿನಿಮಾ ಯಾರಿಗೋಸ್ಕರ ಶುರುವಾಗುತ್ತದೆ ನೋಡಿ. ಮೊದಲ ದೃಶ್ಯ ಟ್ರಫಾಲ್ಗರ್ ಸ್ಕ್ವೇರ್. ಲಂಡನ್ನಿನಲ್ಲಿ ಅಂಗಡಿ ಇಟ್ಟುಕೊಂಡ ಪಂಜಾಬಿ ಅಪ್ಪ ಪಾರಿವಾಳಕ್ಕೆ ಕಾಳು ಹಾಕುತ್ತಾ ಊರನ್ನು ನೆನೆಯುತ್ತಿದ್ದಾನೆ. ಮಗಳು ಇಲ್ಲಿಯವಳಾಗಿಬಿಟ್ಟರೆ ಅನ್ನುವ ಭಯ ಅವನದು. ಆ ಭಯ ಇರುವ ಲಕ್ಷಾಂತರ ಅಪ್ಪಂದಿರು ಬ್ರಿಟನ್, ಅಮೆರಿಕ, ಕೆನಡಾದಲ್ಲಿ ಇದ್ದರು. ಅವರು ಟಿಕೆಟ್ಟಿಗೆ ಕೊಡುತ್ತಿದ್ದುದು ಪೌಂಡು, ಡಾಲರು. ಮಗಳ ಜೊತೆ ಕೂತು ನೋಡಬಹುದಾದ, ಮಗಳೂ ಒಪ್ಪುವ, ಅಪ್ಪನೂ ಸೋಲದ ಕತೆ ಅವರಿಗೆ ಬೇಕಿತ್ತು.

ಡಾಲರಿನ ಲೆಕ್ಕ ಇಷ್ಟೇ. 1990ರಲ್ಲಿ ಒಂದು ಡಾಲರಿಗೆ ಸುಮಾರು 17 ರೂಪಾಯಿ. 1991ರ ಜುಲೈಯಲ್ಲಿ ರೂಪಾಯಿ ಬೆಲೆ ಇಳಿಸಿದರು. 1999ರ ಹೊತ್ತಿಗೆ ಸುಮಾರು 43. ಅಂದರೆ ಅಮೆರಿಕದಲ್ಲಿ ಒಬ್ಬನೇ ಒಬ್ಬ ಪ್ರೇಕ್ಷಕ ಹೆಚ್ಚಾಗದಿದ್ದರೂ, ಟಿಕೆಟ್ ಬೆಲೆ ಒಂದು ಸೆಂಟ್ ಏರದಿದ್ದರೂ, ಮುಂಬೈಯ ನಿರ್ಮಾಪಕನ ಕೈಗೆ ಎರಡೂವರೆ ಪಟ್ಟು ರೂಪಾಯಿ. ಪ್ರೇಕ್ಷಕರೂ ಹೆಚ್ಚಾದರು ಅನ್ನುವುದು ಬೇರೆ ಮಾತು. ಮೊದಲೆಲ್ಲ 'ಓವರ್‌ಸೀಸ್' ಅನ್ನುವುದು ವಿತರಣೆ ಪಟ್ಟಿಯ ಕೊನೆಯ ಸಾಲು. ಈ ದಶಕದ ಕೊನೆಗೆ ಕತೆ ಬರೆಯುವಾಗಲೇ ಅದನ್ನು ಯೋಚಿಸುತ್ತಿದ್ದರು.

1998ರ 'ದಿಲ್ ಸೇ' ನೋಡಿ. ಮಣಿರತ್ನಂ, ಶಾರುಖ್, ರೆಹಮಾನ್. ಊಟಿ ರೈಲಿನ ಮೇಲೆ ಕುಣಿದ ಹಾಡು ಯಾರಿಗೆ ಗೊತ್ತಿಲ್ಲ! ಇಲ್ಲಿ ಸಿನಿಮಾ ಓಡಲಿಲ್ಲ. ಬ್ರಿಟನ್ನಿನಲ್ಲಿ ಟಾಪ್ 10 ಪಟ್ಟಿಗೆ ಹೋದ ಮೊದಲ ಭಾರತೀಯ ಸಿನಿಮಾ ಅದೇ. ಒಂದೇ ಸಿನಿಮಾ, ಇಲ್ಲಿ ಸೋಲು, ಅಲ್ಲಿ ದಾಖಲೆ. ಇದನ್ನು ಜನರ ರುಚಿ ಅನ್ನುವ ಒಂದೇ ಮಾತಿನಲ್ಲಿ ಹೇಗೆ ವಿವರಿಸುತ್ತೀರಿ?

(ಒಂದು ತಮಾಷೆ: ದಿಲ್‌ವಾಲೇಯ ಕೊನೆಯ ರೈಲು ದೃಶ್ಯದ ಆ ಪಂಜಾಬಿನ ಸ್ಟೇಷನ್ ಇದೆಯಲ್ಲ, ಅದು ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಆಪ್ಟಾ. ಸಿನಿಮಾ ಮಾತ್ರ ಮುಂಬೈ ಸೆಂಟ್ರಲ್ ಸ್ಟೇಷನ್ ಹತ್ತಿರದ ಮರಾಠಾ ಮಂದಿರದಲ್ಲಿ ಓಡಿ ಓಡಿ 2014ರ ಡಿಸೆಂಬರಿನಲ್ಲಿ 1,000 ವಾರ ಮುಗಿಸಿತು.)

ಈಗ ನಿಮ್ಮ ಪಟ್ಟಿಯಲ್ಲಿ ಒಂದು ದೊಡ್ಡ ತೂತು ಇದೆ, ಅದನ್ನು ಹೇಳಲೇಬೇಕು. ನೀವು ಬರೆದದ್ದರಲ್ಲಿ ಗೋವಿಂದ ಇಲ್ಲವೇ ಇಲ್ಲ. 'ಬಡವ ಕಾಣುವುದೇ ಇಲ್ಲ' ಅಂದಿರಲ್ಲ, ಬಡವ ಅಲ್ಲಿದ್ದ. ಕೂಲಿ, ಅಡುಗೆಯವನು, ಹಳ್ಳಿಯಿಂದ ಬಂದು ಹಾಡುಗಾರ ಆಗಬೇಕು ಅನ್ನುವವನು. 1993ರ 'ಆಂಖೇ' ಆ ವರ್ಷದ ದೊಡ್ಡ ಹಿಟ್‌ಗಳಲ್ಲಿ ಒಂದು. ಅದರ ನಿರ್ದೇಶಕ ಡೇವಿಡ್ ಧವನ್ ಜೊತೆಗೇ ಆಮೇಲೆ 'ರಾಜಾ ಬಾಬು', 'ಕೂಲಿ ನಂಬರ್ 1', 'ಸಾಜನ್ ಚಲೇ ಸಸುರಾಲ್', 'ಹೀರೋ ನಂಬರ್ 1'. ಹಳದಿ ಪ್ಯಾಂಟು, ಕೆಂಪು ಅಂಗಿ. ಮಾತಿನ ಓಟವೋ, ಬ್ರೇಕ್ ಇಲ್ಲದ ಬಸ್ಸು. ಹಿಂದಿ ಪೂರ್ತಿ ಬಾರದ ನಮ್ಮ ಆಫೀಸ್ ಹುಡುಗನೂ ಬಿದ್ದು ಬಿದ್ದು ನಗುತ್ತಿದ್ದ. ಆ ಸಿನಿಮಾಗಳ ಡಿಸಿಆರ್ ಹಾಳೆಯಲ್ಲಿ ಮುಂದಿನ ಕ್ಲಾಸ್ ಮೊದಲು ತುಂಬುತ್ತಿತ್ತು, ಹಳೆಯ ಪದ್ಧತಿ. ಸಣ್ಣ ಊರುಗಳಲ್ಲಿ ಗೋವಿಂದನ ಸಿನಿಮಾ ಹಾಕಿದರೆ ಥಿಯೇಟರ್ ಮಾಲೀಕ ಆ ವಾರ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ.

ಆದರೆ ಟಿಕೆಟ್ ಬೆಲೆ ಕಡಿಮೆ, ಡಾಲರ್ ಇಲ್ಲ, ಇಂಗ್ಲಿಷ್ ಪೇಪರಿನವರು ಮೂಗು ಮುರಿಯುತ್ತಿದ್ದರು. ಹಾಗಾಗಿ ಇವತ್ತು ದಶಕದ ಪಟ್ಟಿ ಮಾಡುವವರು ಅವನನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಮಟ್ಟಿಗೆ ಇದು ದೊಡ್ಡ ಅನ್ಯಾಯ. ಆ ಹತ್ತು ವರ್ಷದಲ್ಲಿ ಟೈಮಿಂಗ್ ಅನ್ನುವ ಮಾತಿಗೆ ಅರ್ಥ ಕೊಟ್ಟ ನಟ ಇನ್ನೊಬ್ಬ ಇಲ್ಲ, ಮೂವರು ಖಾನ್‌ಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಕೊನೆಯದು ಮಾಲ್. 1997ರಲ್ಲಿ ದೆಹಲಿಯ ಸಾಕೇತ್‌ನಲ್ಲಿ ಅನುಪಮ್ ಅನ್ನುವ ಹಳೆಯ ಥಿಯೇಟರನ್ನು ಒಡೆದು 4 ಪರದೆ ಮಾಡಿದರು, ಪಿವಿಆರ್ ಮಲ್ಟಿಪ್ಲೆಕ್ಸ್ ಶುರುವಾದದ್ದು ಅಲ್ಲಿಂದ. ಬೆಂಗಳೂರಿಗೆ ಅದು ಬಂದದ್ದು 2004ರಲ್ಲಿ, ಕೋರಮಂಗಲದ ಫೋರಂ ಮಾಲಿಗೆ. ಸಾವಿರ ಸೀಟಿನ ಥಿಯೇಟರ್ ತುಂಬಲು ಎಲ್ಲ ಥರದ ಜನ ಬೇಕು, ಹಾಗಾಗಿ ಸಿನಿಮಾದಲ್ಲೂ ಎಲ್ಲ ಮಸಾಲೆ ಬೇಕು. ಇನ್ನೂರು ಸೀಟು ತುಂಬಲು ಒಂದೇ ಥರದ ಇನ್ನೂರು ಜನ ಸಾಕು. ಇದರ ಪೂರ್ತಿ ಪರಿಣಾಮ ಕಂಡದ್ದು ಮುಂದಿನ ದಶಕದಲ್ಲಿ. ಆದರೆ 1998ರ 'ಸತ್ಯ' ಅದರ ಮುನ್ಸೂಚನೆಯ ಹಾಗಿತ್ತು. ಊರ್ಮಿಳಾ ಬಿಟ್ಟರೆ ದೊಡ್ಡ ಸ್ಟಾರ್ ಇಲ್ಲ. ಮುಂಬೈಯ ಮಳೆ, ಚಾಳು, ಎಮ್ಮೆ ಕೊಟ್ಟಿಗೆ, ಗನ್ನು. ಭಿಕು ಮ್ಹಾತ್ರೆ ಪಾತ್ರಕ್ಕೆ ಮನೋಜ್ ಬಾಜಪೇಯಿಗೆ ರಾಷ್ಟ್ರ ಪ್ರಶಸ್ತಿ ಬಂತು. ಇದರ ಹಿನ್ನೆಲೆ ಸಂಗೀತ ನಮ್ಮವರದು, ಸಂದೀಪ್ ಚೌಟ. ತುಳು ಸಾಹಿತಿ ಡಿ.ಕೆ. ಚೌಟರ ಮಗ. ಹೆಡ್‌ಫೋನ್ ಹಾಕಿಕೊಂಡು ನೋಡಿ.

'ಸತ್ಯ' ತೋರಿಸಿದ ಭೂಗತ ಲೋಕ ಆಗ ಇಂಡಸ್ಟ್ರಿಯ ಬಾಗಿಲಲ್ಲೇ ನಿಂತಿತ್ತು. ಬ್ಯಾಂಕುಗಳು ಸಿನಿಮಾಕ್ಕೆ ಸಾಲ ಕೊಡುತ್ತಿರಲಿಲ್ಲ. ಬಡ್ಡಿಯವರು, ಬಿಲ್ಡರುಗಳು, ವಜ್ರದ ವ್ಯಾಪಾರಿಗಳು ಕೊಡುತ್ತಿದ್ದರು. ಅವರ ಹಿಂದೆ ಯಾರಿದ್ದಾರೆ ಅಂತ ಕೇಳುವ ಪದ್ಧತಿ ಇರಲಿಲ್ಲ. 1997ರ ಆಗಸ್ಟ್ 12ರಂದು ಗುಲ್ಶನ್ ಕುಮಾರ್ ಅವರನ್ನು ಅಂಧೇರಿಯಲ್ಲಿ ದೇವಸ್ಥಾನದ ಹೊರಗೆ ಗುಂಡಿಟ್ಟು ಕೊಂದರು. 1998ರಲ್ಲಿ ಕೇಂದ್ರ ಸರ್ಕಾರ ಸಿನಿಮಾಕ್ಕೆ ಉದ್ಯಮದ ಸ್ಥಾನ ಕೊಟ್ಟಿತು, ಬ್ಯಾಂಕ್ ಸಾಲದ ದಾರಿ ತೆರೆಯಿತು. 2000ರ ಜನವರಿಯಲ್ಲಿ 'ಕಹೋ ನಾ ಪ್ಯಾರ್ ಹೈ' ಹಿಟ್ ಆದ ಕೆಲವೇ ದಿನಕ್ಕೆ ನಿರ್ದೇಶಕ ರಾಕೇಶ್ ರೋಶನ್ ಮೇಲೆ ಗುಂಡು ಹಾರಿತು. ಅವರು ಬದುಕಿಕೊಂಡರು. ಹಾಡು, ಮದುವೆ, ಬಣ್ಣ ಅಂತ ನಾವು ನೋಡುತ್ತಿದ್ದ ಕಾಲದಲ್ಲೇ ಇದೂ ನಡೆಯುತ್ತಿತ್ತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಪಟ್ಟಿಗಳು ಯಾಕೆ ಒಂದಕ್ಕೊಂದು ಹೊಂದುವುದಿಲ್ಲ ಅನ್ನುವುದು. ಮೊದಲಿಗೆ, ಗ್ರಾಸ್, ನೆಟ್, ಶೇರ್ ಮೂರೂ ಬೇರೆ. ಟಿಕೆಟ್ ಮಾರಿದ ಒಟ್ಟು ದುಡ್ಡು ಗ್ರಾಸ್. ಆಗಿನ ಮನರಂಜನೆ ತೆರಿಗೆ ಕಳೆದರೆ ನೆಟ್. ಆ ತೆರಿಗೆ ಆಗ ರಾಜ್ಯಕ್ಕೊಂದು ಥರ, ಕೆಲವು ಕಡೆ ಟಿಕೆಟ್ಟಿನ ದೊಡ್ಡ ಪಾಲನ್ನೇ ನುಂಗುತ್ತಿತ್ತು. ಥಿಯೇಟರಿನ ಬಾಡಿಗೆ ಕಳೆದು ವಿತರಕನಿಗೆ ಉಳಿದದ್ದು ಶೇರ್. ಒಬ್ಬ ಗ್ರಾಸ್ ಬರೆಯುತ್ತಾನೆ, ಇನ್ನೊಬ್ಬ ನೆಟ್ ಬರೆಯುತ್ತಾನೆ, ಎರಡಕ್ಕೂ ಹೆಸರು 'ಕಲೆಕ್ಷನ್'.

ಎರಡನೆಯದು ಟೆರಿಟರಿ, ಅಂದರೆ ಸಿನಿಮಾ ಹಂಚಲು ಮಾಡಿಕೊಂಡ ಪ್ರದೇಶ. ಹಿಂದಿ ಸಿನಿಮಾದವರ ಭಾರತದ ನಕ್ಷೆ ನಮ್ಮ ಶಾಲೆಯ ನಕ್ಷೆ ಅಲ್ಲ. ಬಾಂಬೆ, ನಿಜಾಂ, ಮೈಸೂರು, ಈಸ್ಟ್ ಪಂಜಾಬ್, ಸಿಪಿ-ಬೇರಾರ್, ಹೀಗೆ. ಹೆಚ್ಚಾಗಿ ಬ್ರಿಟಿಷರ ಕಾಲದ ಗಡಿಗಳು. ಕರ್ನಾಟಕ 1956ರಲ್ಲಿ ಒಂದಾದರೂ ಹಿಂದಿ ಸಿನಿಮಾ ಹಂಚುವವರ ಪಾಲಿಗೆ ಒಂದಾಗಲೇ ಇಲ್ಲ. ಬೆಂಗಳೂರು, ಮೈಸೂರು 'ಮೈಸೂರು' ಟೆರಿಟರಿ. ಬೀದರ್, ಕಲಬುರಗಿ, ರಾಯಚೂರು ಕಡೆಯದು ನಿಜಾಂ ಲೆಕ್ಕಕ್ಕೆ. ಬೆಳಗಾವಿ ಕಡೆಯದು ಬಾಂಬೆ ಲೆಕ್ಕಕ್ಕೆ. ಹಾಗಾಗಿ 'ಕರ್ನಾಟಕದಲ್ಲಿ ಈ ಹಿಂದಿ ಸಿನಿಮಾ ಎಷ್ಟು ಗಳಿಸಿತು' ಅಂತ ಯಾರಾದರೂ ಆ ಕಾಲದ ಲೆಕ್ಕ ಕೊಟ್ಟರೆ, ಮೂರು ಊರಿನ ಮೂರು ಆಫೀಸಿನ ಪುಸ್ತಕ ಒಟ್ಟಿಗೆ ಇಟ್ಟು ಕೂಡಿಸಿದ್ದೀರಾ ಅಂತ ಕೇಳಿ.

ಜೊತೆಗೆ ಟೆರಿಟರಿಯನ್ನು ಮುಂಗಡ ಕೊಟ್ಟು ಕೊಂಡವನು ಒಂದು ಕಡೆ ಮುಳುಗಿ, ಇನ್ನೊಂದು ಕಡೆಯವನು ಗೆದ್ದಿರಬಹುದು. ಪಟ್ಟಿಯಲ್ಲಿ ಸಿನಿಮಾ 'ಹಿಟ್', ಸೋತವನ ಮನೆಯಲ್ಲಿ ಒಡವೆ ಅಡ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಹಾಗಾಗಿ ಕೋಟಿ ಲೆಕ್ಕ ಬಿಟ್ಟುಬಿಡಿ. ಎಷ್ಟು ಜನ ನೋಡಿದರು ಅನ್ನುವುದು ಆ ಕಾಲಕ್ಕೆ ಸರಿಯಾದ ಅಳತೆ. ಆ ಅಳತೆಯಲ್ಲಿ ದಶಕದ ಮೊದಲ ಸ್ಥಾನ 'ಹಮ್ ಆಪ್‌ಕೆ ಹೈ ಕೌನ್'ಗೆ. ಅದಕ್ಕೆ ನಾನು ಪಟ್ಟಿ ನೋಡಬೇಕಿಲ್ಲ. ಅದರ ಕೆಳಗೆ ದಿಲ್‌ವಾಲೇ, 'ರಾಜಾ ಹಿಂದೂಸ್ತಾನಿ', 'ಕರಣ್ ಅರ್ಜುನ್', 'ಬಾರ್ಡರ್', 'ಕುಛ್ ಕುಛ್ ಹೋತಾ ಹೈ'. ಯಾವುದು ಎಷ್ಟನೆಯದು ಅಂತ ಜಗಳ ಆಡುವವರು ಆಡಲಿ.

ಮುಂದೆ ಯಾವುದು ನೋಡಲಿ ಅಂದಿರಿ. ಒಂದೊಂದಾಗಿ ನೋಡುವುದು ಬಿಟ್ಟು ಜೋಡಿಯಾಗಿ ನೋಡಿ. ಎರಡು ಶುಕ್ರವಾರ ಹೇಳುತ್ತೇನೆ. 1990ರ ಜೂನ್ 22: ಅವತ್ತು ಒಂದೇ ದಿನ ಆಮೀರ್-ಮಾಧುರಿಯ 'ದಿಲ್' ಮತ್ತು ಸನ್ನಿ ಡಿಯೋಲ್‌ನ 'ಘಾಯಲ್' ಬಿಡುಗಡೆಯಾದವು. ಒಂದರಲ್ಲಿ ಹಾಡು, ಒಂದರಲ್ಲಿ ಮುಷ್ಟಿ, ಎರಡೂ ಗೆದ್ದವು. 1998ರ ಅಕ್ಟೋಬರ್ 16: ಒಂದೇ ದಿನ 'ಕುಛ್ ಕುಛ್ ಹೋತಾ ಹೈ' ಮತ್ತು ಅಮಿತಾಭ್-ಗೋವಿಂದರ 'ಬಡೇ ಮಿಯಾ ಛೋಟೇ ಮಿಯಾ'. ಒಂದಕ್ಕೆ ಲಂಡನ್ನಿನಲ್ಲೂ ಕ್ಯೂ, ಇನ್ನೊಂದಕ್ಕೆ ಮುಂದಿನ ಕ್ಲಾಸಿನಲ್ಲಿ ಸೀಟಿ.

ಈ ನಾಲ್ಕನ್ನು ಎರಡು ವಾರಾಂತ್ಯದಲ್ಲಿ ಮುಗಿಸಬಹುದು. 'ದಿಲ್' ಹಾಕುವಾಗ ಅಮ್ಮನನ್ನೂ ಕೂರಿಸಿಕೊಳ್ಳಿ. ಯಾವ ಥಿಯೇಟರಿನಲ್ಲಿ, ಯಾರ ಜೊತೆ ನೋಡಿದ್ದರು ಅಂತ ಕೇಳಿ. ಥಿಯೇಟರಿಗೆ ಹೋಗಿರಲೇ ಇಲ್ಲ, ಬರೀ ಕ್ಯಾಸೆಟ್ ಕೇಳಿದ್ದು ಅಂದರೆ ನನಗೊಂದು ಸಾಲು ಬರೆದು ತಿಳಿಸಿ.